ಮಾತು ಕಲಿಸುತ್ತೇವೆ, ದಯವಿಟ್ಟು ಸುಮ್ಮನೆ ಕುಳಿತುಕೊಳ್ಳಿ

ಯುವಜನರಿಗೆ ಮಾತನಾಡಲು ಬರುವುದಿಲ್ಲ ಎಂಬ ಕಳವಳ ಈಗ ಎಲ್ಲೆಡೆ ಹಬ್ಬಿದೆ. ಸಂದರ್ಶನಕ್ಕೆ ಬಂದವರು ತಡವರಿಸುತ್ತಾರಂತೆ, ವೇದಿಕೆ ಹತ್ತಿಸಿದರೆ ಬೆವರುತ್ತಾರಂತೆ, ನಾಲ್ಕು ಜನರೆದುರು ಸ್ವಂತ ಹೆಸರು ಹೇಳುವಷ್ಟರಲ್ಲಿ ಅವರ ನಾಲಿಗೆಯ ಪಸೆ ಆರುತ್ತದಂತೆ. ಇದನ್ನೆಲ್ಲ ಹೇಳುತ್ತಿರುವವರು ಯಾರೂ ಯುವಜನರಲ್ಲ. ಅವರನ್ನು ಈ ಬಗ್ಗೆ ಕೇಳಿದವರೂ ಇಲ್ಲ. ಕೇಳಿದರೆ ಅವರು ಮಾತನಾಡಿಬಿಡುವ ಅಪಾಯವಿದೆಯಲ್ಲ!

ಈ ಕೊರತೆಯ ಹಿಂದೆ ಬಹುಕಾಲದ ಪರಿಶ್ರಮವಿದೆ ಎಂಬುದನ್ನು ನಾವು ಮರೆಯಬಾರದು. ಮಗು ಹುಟ್ಟಿದಾಗಿನಿಂದ ವಟವಟ ಎನ್ನುತ್ತಲೇ ಇರುತ್ತದೆ. ಅದನ್ನು ಬಾಯಿಲ್ಲದ ಪದವೀಧರನನ್ನಾಗಿ ರೂಪಿಸುವುದು ಒಂದು ದಿನದ ಕೆಲಸವಲ್ಲ. ಮನೆಯಲ್ಲಿ ‘ದೊಡ್ಡವರು ಮಾತನಾಡುವಾಗ ಮಧ್ಯೆ ಬಾಯಿ ಹಾಕಬೇಡ’ ಎಂದು ಅಡಿಪಾಯ ಹಾಕುತ್ತಾರೆ. ಮನೆಯಲ್ಲಿ ದೊಡ್ಡವರು ಮಾತು ನಿಲ್ಲಿಸುವ ಹೊತ್ತೇ ಇಲ್ಲವಾದ್ದರಿಂದ ಮಗುವಿನ ಸರದಿ ಬರುವುದಿಲ್ಲ. ಶಾಲೆಯಲ್ಲಿ ತರಗತಿಯ ಮುಖಂಡ ಸೀಮೆಸುಣ್ಣ ಹಿಡಿದು, ಮಾತನಾಡಿದವರ ಹೆಸರನ್ನು ಕಪ್ಪು ಹಲಗೆಯ ಮೇಲೆ ಬರೆಯುತ್ತಾನೆ. ತಾನು ಬಾಯಿ ತೆರೆದದ್ದು ಸಾರ್ವಜನಿಕವಾಗಿ ದಾಖಲಾಗುವ ಮೊದಲ ಅನುಭವ ಮಗುವಿಗೆ ಆಗುವುದು ಹೀಗೆ, ಅಪರಾಧಿಗಳ ಪಟ್ಟಿಯಲ್ಲಿ. ಪ್ರಶ್ನೆ ಕೇಳಿದರೆ ‘ಅಧಿಕಪ್ರಸಂಗಿ’, ಉತ್ತರ ತಪ್ಪಿದರೆ ಇಡೀ ತರಗತಿಯ ನಗು, ಉತ್ತರ ಸರಿಯಿದ್ದೂ ಪುಸ್ತಕದಲ್ಲಿರುವ ವಾಕ್ಯವೇ ಅಲ್ಲದಿದ್ದರೆ ಅರ್ಧ ಅಂಕ ಕಡಿತ. ಇಷ್ಟೆಲ್ಲ ಆಗಿ ಹುಡುಗ ಇಪ್ಪತ್ತು ದಾಟಿದ ಮೇಲೆ ಅದೇ ಹಿರಿಯರು ಅವನನ್ನು ಎದುರಿಗೆ ನಿಲ್ಲಿಸಿಕೊಂಡು, ‘ಯಾಕಪ್ಪ, ಬಾಯಲ್ಲಿ ಕಡುಬು ತುರುಕಿಕೊಂಡಿದ್ದೀಯಾ?’ ಎಂದು ಕೇಳುತ್ತಾರೆ.

ಆಗ ನಡೆಯುತ್ತದೆ ಕಾರ್ಯಾಗಾರ.

‘ಯುವಜನರಿಗಾಗಿ ಸಂವಹನ ಕೌಶಲ ಮತ್ತು ಸಾರ್ವಜನಿಕ ಭಾಷಣ ಕಲೆ: ಒಂದು ದಿನದ ತರಬೇತಿ ಶಿಬಿರ.’ ಬ್ಯಾನರಿನಲ್ಲಿ ಸಂಪನ್ಮೂಲ ವ್ಯಕ್ತಿಯ ಭಾವಚಿತ್ರ ದೊಡ್ಡದಾಗಿದೆ, ಕೈ ಅರ್ಧ ಎತ್ತಿದ್ದಾರೆ, ಬಾಯಿ ಅರ್ಧ ತೆರೆದಿದ್ದಾರೆ. ವೇದಿಕೆಯ ಮೇಲೆ ಆರು ಕುರ್ಚಿಗಳು. ಆರರಲ್ಲಿಯೂ ಕುಳಿತವರಿಗೆ ಮಾತು ಚೆನ್ನಾಗಿಯೇ ಬರುತ್ತದೆ. ಮಾತು ಬಾರದವರನ್ನೆಲ್ಲ ಕೆಳಗೆ ಸಾಲಾಗಿ ಕೂರಿಸಿ, ಮೊಬೈಲ್ ಆರಿಸಲು ಹೇಳಿ, ‘ದಯವಿಟ್ಟು ಯಾರೂ ಮಾತನಾಡಬಾರದು’ ಎಂದು ನಿರೂಪಕರು ಮೂರು ಸಲ ಎಚ್ಚರಿಸಿದ ಬಳಿಕ ಮಾತಿನ ತರಬೇತಿ ವಿಧಿವತ್ತಾಗಿ ಆರಂಭವಾಗುತ್ತದೆ.

ಮೊದಲು ಸ್ವಾಗತ ಭಾಷಣ. ಆಮೇಲೆ ಪ್ರಾಸ್ತಾವಿಕ ನುಡಿ. ಆಮೇಲೆ ಅತಿಥಿಗಳ ಪರಿಚಯ. ಇದರಲ್ಲಿ ‘ಇವರಿಗೆ ಪರಿಚಯದ ಅಗತ್ಯವೇ ಇಲ್ಲ’ ಎಂಬ ಒಂದು ವಾಕ್ಯ ಇರುತ್ತದೆ. ಉಳಿದ ನಾಲ್ಕು ಪುಟ ಆ ಅನಗತ್ಯವನ್ನು ಪೂರೈಸುತ್ತವೆ. ಉದ್ಘಾಟಕರು ‘ನಾನು ಭಾಷಣಕಾರನಲ್ಲ’ ಎಂದು ಶುರು ಮಾಡಿ, ಮುಕ್ಕಾಲು ಗಂಟೆಯಲ್ಲಿ ಅದನ್ನು ಸಾಕ್ಷ್ಯಸಮೇತ ಸಾಬೀತುಪಡಿಸುತ್ತಾರೆ. ‘ಕೊನೆಯದಾಗಿ ಒಂದು ಮಾತು’ ಎಂಬ ಘೋಷಣೆ ಅವರ ಭಾಷಣದ ಮಧ್ಯಭಾಗದಲ್ಲಿ ಬರುತ್ತದೆ. ಅಧ್ಯಕ್ಷರು ಮಾತ್ರ ಸಂಯಮಿಗಳು. ‘ಹಿಂದಿನವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ’ ಎಂದು ಒಪ್ಪಿಕೊಂಡು, ಅದೆಲ್ಲವನ್ನೂ ಇನ್ನೊಮ್ಮೆ ಹೇಳುತ್ತಾರೆ.

ಇಷ್ಟು ಆಗುವ ಹೊತ್ತಿಗೆ ಊಟದ ಸಮಯವಾಗಿರುತ್ತದೆ. ಯುವಜನರ ಸಂವಹನ ಕೌಶಲ ಉಕ್ಕಿ ಹರಿಯುವುದು ಆ ಸಾಲಿನಲ್ಲಿಯೇ. ಅಲ್ಲಿ ಒಬ್ಬಳು ಬೆಳಗಿನ ಮೂರು ಭಾಷಣಗಳನ್ನು ಮೂರು ಧ್ವನಿಗಳಲ್ಲಿ ಅಣಕಿಸಿ ತೋರಿಸುತ್ತಿದ್ದಾಳೆ. ಏರಿಳಿತ, ವಿರಾಮ, ಮುಖಭಾವ ಒಂದೂ ತಪ್ಪಿಲ್ಲ. ಸುತ್ತಲಿನ ಹತ್ತು ಜನ ಹೊಟ್ಟೆ ಹಿಡಿದು ನಗುತ್ತಿದ್ದಾರೆ. ಇದನ್ನು ಗಮನಿಸಿದ ಸಂಘಟಕರು ಬಂದು, ‘ಗಲಾಟೆ ಬೇಡ, ಎಲ್ಲರೂ ಒಳಗೆ ನಡೆಯಿರಿ, ಸಭಾಕಂಪನ ನಿವಾರಣೆಯ ಗೋಷ್ಠಿ ಶುರುವಾಗುತ್ತಿದೆ’ ಎನ್ನುತ್ತಾರೆ.

ಸಂಪನ್ಮೂಲ ವ್ಯಕ್ತಿಯ ಸರಕಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಏಕೆಂದರೆ ಪ್ರಪಂಚದ ಎಲ್ಲ ಸಂಪನ್ಮೂಲ ವ್ಯಕ್ತಿಗಳೂ ಒಂದೇ ಉಗ್ರಾಣದಿಂದ ಸರಕು ತರುತ್ತಾರೆ. ಮೊದಲು ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್. 1863ರ ನವೆಂಬರ್ 19ರಂದು ಗೆಟಿಸ್‌ಬರ್ಗ್‌ನಲ್ಲಿ ಎಡ್ವರ್ಡ್ ಎವರೆಟ್ ಎಂಬ ಆ ಕಾಲದ ಮಹಾ ವಾಗ್ಮಿ ಎರಡು ಗಂಟೆ ಮಾತನಾಡಿದರು. ಬಳಿಕ ಎದ್ದ ಲಿಂಕನ್ ಸುಮಾರು 270 ಪದಗಳಲ್ಲಿ, ಎರಡು ನಿಮಿಷದ ಆಸುಪಾಸಿನಲ್ಲಿ ಮಾತು ಮುಗಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಲಿಂಕನ್ನರ ಮಾತು. ಎರಡು ಗಂಟೆಯಲ್ಲಿ ತನಗೆ ಸಾಧ್ಯವಾಗದ್ದು ನಿಮಗೆ ಎರಡು ನಿಮಿಷದಲ್ಲಿ ಸಾಧ್ಯವಾಯಿತು ಎಂಬರ್ಥದ ಪತ್ರವನ್ನು ಎವರೆಟ್ ಮರುದಿನವೇ ಬರೆದರು. ಬಹಳ ಒಳ್ಳೆಯ ಪ್ರಸಂಗ. ಇದನ್ನು ಹೇಳಲು ಸಂಪನ್ಮೂಲ ವ್ಯಕ್ತಿಗೆ ಇಪ್ಪತ್ತೈದು ನಿಮಿಷ ಬೇಕು. ಎವರೆಟ್ ಕನಿಷ್ಠ ಪತ್ರ ಬರೆದರು.

ನಂತರ ಡೆಮಾಸ್ತನೀಸ್. ಪ್ರಾಚೀನ ಅಥೆನ್ಸಿನ ಈ ಭಾಷಣಕಾರನ ಮೊದಲ ಭಾಷಣಕ್ಕೆ ಜನ ನಕ್ಕರಂತೆ. ಬಾಯಲ್ಲಿ ಬೆಣಚುಕಲ್ಲು ಇಟ್ಟುಕೊಂಡು, ಏರು ಹತ್ತುತ್ತ, ನೆಲಮಾಳಿಗೆಯಲ್ಲಿ ಅಡಗಿ ಅಭ್ಯಾಸ ಮಾಡಿದನಂತೆ. ಹೊರಗೆ ಹೋಗುವ ಆಸೆ ಹುಟ್ಟದಿರಲೆಂದು ಅರ್ಧ ತಲೆ ಬೋಳಿಸಿಕೊಂಡನಂತೆ. ಇದನ್ನು ಬರೆದಿಟ್ಟವನು ಪ್ರಾಚೀನ ಜೀವನಚರಿತ್ರೆಕಾರ ಪ್ಲುಟಾರ್ಕ್. ಅಲ್ಲಿ ಗಮನಿಸಬೇಕಾದದ್ದು ಒಂದೇ: ಆ ಕಲ್ಲುಗಳನ್ನು ಅವನು ತಾನಾಗಿ ಬಾಯಿಗೆ ಹಾಕಿಕೊಂಡ, ತಾನಾಗಿ ತೆಗೆದ. ಅದೇ ಅಥೆನ್ಸಿನಲ್ಲಿ ಐಸಾಕ್ರಟೀಸ್ ಎಂಬ ಮೇಷ್ಟರಿದ್ದರು. ಧ್ವನಿ ಕ್ಷೀಣ, ಜನರೆದುರು ನಿಲ್ಲುವ ಧೈರ್ಯವಿಲ್ಲ, ಹಾಗಾಗಿ ಸಭೆಯಲ್ಲಿ ಮಾತನಾಡುವ ಗೋಜಿಗೆ ಹೋಗದೆ ಇತರರಿಗೆ ಮಾತುಗಾರಿಕೆ ಕಲಿಸಿದರು. ಕಲಿಸುವವನು ಕಡಿಮೆ ಮಾತನಾಡಿದರೂ ನಡೆಯುತ್ತದೆ ಎಂಬ ಗುಟ್ಟು ಇದರಿಂದ ಬಯಲಾಗುವುದರಿಂದಲೋ ಏನೋ, ಯಾವ ಕಾರ್ಯಾಗಾರದಲ್ಲಿಯೂ ಇವರ ಹೆಸರು ಕಿವಿಗೆ ಬೀಳುವುದಿಲ್ಲ.

ಇನ್ನು ವಿಜ್ಞಾನ. ಪರದೆಯ ಮೇಲೆ ಒಂದು ವೃತ್ತ ಮೂಡುತ್ತದೆ: ಸಂವಹನದಲ್ಲಿ ಪದಗಳ ಪಾಲು ಶೇ 7, ಧ್ವನಿಯದು ಶೇ 38, ದೇಹಭಾಷೆಯದು ಶೇ 55. ಮನೋವಿಜ್ಞಾನಿ ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಹುಟ್ಟಿದ ಅಂಕಿಗಳಿವು. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖದ ಚಿತ್ರ ತೋರಿಸಿ, ಹೇಳುವವರ ಇಷ್ಟಾನಿಷ್ಟ ಏನಿರಬಹುದು ಎಂದು ಊಹಿಸಲು ಹೇಳಿದ ಪ್ರಯೋಗಗಳು. ಭಾವನೆ, ಮನೋಭಾವಗಳ ಮಾತಿಗಷ್ಟೇ ಇದು ಅನ್ವಯ, ಎಲ್ಲ ಮಾತಿಗೂ ಅಲ್ಲ ಎಂದು ಸ್ವತಃ ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಆದರೆ ಪದಗಳಿಗೆ ಬೆಲೆಯಿಲ್ಲವೆಂದು ಮೆಹ್ರಾಬಿಯನ್ನರೇ ಕಂಡುಹಿಡಿದ ಮೇಲೆ, ಅವರ ಪದಗಳನ್ನು ಯಾರು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು? ಪದಗಳ ಪಾಲು ಶೇ 7 ಮಾತ್ರ ಎಂಬುದನ್ನು ಸಂಪನ್ಮೂಲ ವ್ಯಕ್ತಿ ಅರ್ಧ ಗಂಟೆ ಪದಗಳಲ್ಲಿಯೇ ವಿವರಿಸುತ್ತಾರೆ. ದೇಹವಂತೂ ಮೇಜಿನ ಹಿಂದೆ ಕಾಣಿಸುವುದಿಲ್ಲ.

ಬಳಿಕ ಎಲ್ಲರೂ ಎದ್ದು ಸೊಂಟಕ್ಕೆ ಕೈಯಿಟ್ಟು, ಎದೆಯುಬ್ಬಿಸಿ ಎರಡು ನಿಮಿಷ ನಿಲ್ಲಬೇಕು. ಇಡೀ ಸಭಾಂಗಣ ಗಡಿ ತಕರಾರಿಗೆ ಹೊಲದ ಬದುವಿನ ಮೇಲೆ ನಿಂತ ದಾಯಾದಿಗಳಂತೆ ಕಾಣುತ್ತದೆ. ಇಂಥ ಭಂಗಿಗಳಿಂದ ಹಾರ್ಮೋನು ಬದಲಾಗಿ ಧೈರ್ಯ ಬರುತ್ತದೆ ಎಂದು 2010ರಲ್ಲಿ 42 ಜನರ ಮೇಲೆ ಪ್ರಯೋಗ ನಡೆಸಿದವರು ಹೇಳಿದ್ದು ನಿಜ. 2015ರಲ್ಲಿ ಬೇರೆಯವರು 200 ಜನರ ಮೇಲೆ ಮಾಡಿ ನೋಡಿದಾಗ ಹಾರ್ಮೋನುಗಳು ಕದಲಲಿಲ್ಲ. 2016ರಲ್ಲಿ ಮೂಲ ಸಂಶೋಧಕರ ಪೈಕಿ ಡೇನಾ ಕಾರ್ನಿ ಅವರೇ ‘ಈ ಪರಿಣಾಮ ನಿಜವೆಂದು ನಾನು ನಂಬುವುದಿಲ್ಲ’ ಎಂದು ಬಹಿರಂಗವಾಗಿ ಬರೆದರು. ಸುದ್ದಿ ಕಾರ್ಯಾಗಾರಗಳನ್ನು ಇನ್ನೂ ತಲುಪಿಲ್ಲ. ಸಂವಹನದ ಕೊರತೆ ಇರಬೇಕು.

ಕೊನೆಗೂ ಪ್ರಾಯೋಗಿಕ ಅವಧಿ ಬರುತ್ತದೆ. ‘ಸಮಯದ ಅಭಾವದಿಂದ ಇಬ್ಬರಿಗೆ ಮಾತ್ರ ಅವಕಾಶ.’ ಒಬ್ಬ ಹುಡುಗನನ್ನು ಗೆಳೆಯರು ಹಿಂದಿನಿಂದ ತಳ್ಳಿ ಎಬ್ಬಿಸುತ್ತಾರೆ. ಯಾವ ವಿಷಯ ಎಂದರೆ ಅವನಿಗೆ ಗೊತ್ತಿಲ್ಲ. ಅಜ್ಜನ ಕಿವಿಯ ಬಗ್ಗೆ ಹೇಳಲೇ ಎನ್ನುತ್ತಾನೆ. ಅಜ್ಜನಿಗೆ ಕಿವಿ ಮಂದವಾಗಿದೆ, ಆದರೆ ಒಪ್ಪಿಕೊಳ್ಳುವುದಿಲ್ಲ, ಯಾರು ಏನು ಹೇಳಿದರೂ ‘ಹೌದು ಹೌದು’ ಎಂದುಬಿಡುತ್ತಾರೆ. ಮೊನ್ನೆ ವೈದ್ಯರು ‘ಎದೆ ನೋವು ಇದೆಯೇ’ ಎಂದದ್ದಕ್ಕೂ ‘ಹೌದು ಹೌದು’ ಎಂದುಬಿಟ್ಟರು. ಇಲ್ಲದ ನೋವಿಗೆ ಒಂದು ಇಡೀ ದಿನ ಪರೀಕ್ಷೆ ನಡೆಯಿತು. ಅಂದಿನಿಂದ ಅವನು ಆಂ... ಅಜ್ಜನ ಎಡಕ್ಕೆ ಕೂರುವುದಿಲ್ಲ, ಬಲಕ್ಕೆ ಕೂರುತ್ತಾನೆ, ಆಂ... ಅವರ ಮುಖ ನೋಡಿಕೊಂಡು ನಿಧಾನವಾಗಿ ಮಾತನಾಡುತ್ತಾನೆ. ಈಗ ಅಜ್ಜ ಒಮ್ಮೊಮ್ಮೆ ‘ಇಲ್ಲ’ ಎನ್ನಲು ಶುರು ಮಾಡಿದ್ದಾರೆ. ಸಭಾಂಗಣದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಯಾರೂ ಗಡಿಯಾರ ನೋಡುತ್ತಿಲ್ಲ.

ಸಂಪನ್ಮೂಲ ವ್ಯಕ್ತಿ ಚಪ್ಪಾಳೆ ಕೊಡಿಸಿ ದೋಷಪಟ್ಟಿ ಬಿಚ್ಚುತ್ತಾರೆ. ಕೈಗಳು ಜೇಬಿನಲ್ಲಿದ್ದವು. ಗಣ್ಯರನ್ನು ಸಂಬೋಧಿಸಲಿಲ್ಲ. ಆರಂಭದಲ್ಲಿ ಸುಭಾಷಿತ ಇರಲಿಲ್ಲ, ಅಂತ್ಯದಲ್ಲಿ ಸಂದೇಶ ಇರಲಿಲ್ಲ. ‘ಆಂ’ ಎಂಬ ಸದ್ದು ಎಷ್ಟು ಸಲ ಬಂತು ಎಂದು ಅವರು ಬೆರಳು ಮಡಚಿ ಎಣಿಸಿಟ್ಟಿದ್ದಾರೆ. ಈ ‘ಆಂ’, ‘ಊಂ’ಗಳು ಕೇಳುಗನಿಗೆ ‘ತಡೆ, ಮಾತು ಇನ್ನೂ ಇದೆ’ ಎಂದು ಸೂಚಿಸುವ ಕೆಲಸ ಮಾಡುತ್ತವೆ ಎಂದು ಭಾಷಾವಿಜ್ಞಾನದವರು 2002ರಷ್ಟು ಹಿಂದೆಯೇ ವಾದಿಸಿದ್ದಾರೆ. ಅದೇನೇ ಇರಲಿ, ಅಜ್ಜನ ಕಿವಿ ಏನಾಯಿತೆಂದು ಯಾರೂ ಕೇಳುವುದಿಲ್ಲ. ಕೇಳುವುದು ಆ ದಿನದ ಪಠ್ಯದಲ್ಲಿಲ್ಲ. ಹುಡುಗ ಇನ್ನು ಮುಂದೆ ಕೈಗಳನ್ನು ಎಲ್ಲಿಡಬೇಕು ಎಂಬುದನ್ನು ಮಾತ್ರ ಯೋಚಿಸುತ್ತ ಬದುಕುತ್ತಾನೆ.

ಎರಡನೆಯವಳು ತಾನಾಗಿ ಕೈ ಎತ್ತುತ್ತಾಳೆ. ಊಟದ ಸಾಲಿನಲ್ಲಿ ಅಣಕವಾಡಿದವಳೇ. ನೇರ ನಿಲುವು, ವೇದಿಕೆಯ ಕಡೆಗೆ ನೇರ ನೋಟ, ಸ್ಪಷ್ಟ ಉಚ್ಚಾರ, ಒಂದು ‘ಆಂ’ ಕೂಡ ಇಲ್ಲ. ‘ಪರೀಕ್ಷೆ ಹತ್ತಿರ ಬಂದಾಗಲೇ ನಮ್ಮ ವಾಚನಾಲಯವನ್ನು ಸಂಜೆ ಐದಕ್ಕೆ ಮುಚ್ಚುತ್ತಾರೆ. ಮೂರು ಮನವಿ ಕೊಟ್ಟಿದ್ದೇವೆ. ಕಾರಣ ಏನೆಂದು ಅಧ್ಯಕ್ಷರು ಹೇಳಬಹುದೇ?’ ಇಷ್ಟೇ. ಪರದೆಯ ಮೇಲೆ ತೋರಿಸಿದ ಎಲ್ಲ ಲಕ್ಷಣಗಳೂ ಈ ಮೂರೇ ವಾಕ್ಯಗಳಲ್ಲಿ ನೆರವೇರಿವೆ. ಸಂಪನ್ಮೂಲ ವ್ಯಕ್ತಿ ಪರದೆ ನೋಡುತ್ತಾರೆ, ಅಧ್ಯಕ್ಷರು ಸಂಘಟಕರನ್ನು ನೋಡುತ್ತಾರೆ, ಸಂಘಟಕರು ಧ್ವನಿವರ್ಧಕದವನನ್ನು ನೋಡುತ್ತಾರೆ. ‘ಇದಕ್ಕೆ ಇದು ವೇದಿಕೆಯಲ್ಲ. ಯಾವಾಗ ಏನು ಮಾತನಾಡಬಾರದು ಎಂಬುದೂ ಸಂವಹನ ಕೌಶಲವೇ’ ಎಂದು ಅಧ್ಯಕ್ಷರು ನಗುನಗುತ್ತ ಹೇಳಿದಾಗ ಮೊದಲ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ.

ಮಾತು ಕಲಿಯಲು ಬೇರೆ ದಾರಿಗಳು ಇಲ್ಲವೆಂದಲ್ಲ. ರಾಲ್ಫ್ ಸ್ಮೆಡ್ಲಿ ಎಂಬವರು 1924ರಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಟೋಸ್ಟ್‌ಮಾಸ್ಟರ್ಸ್ ಎಂಬ ಕೂಟ ಆರಂಭಿಸಿದರು. ಅಲ್ಲಿ ಸದಸ್ಯರೇ ಸರದಿಯಂತೆ ಐದಾರು ನಿಮಿಷ ಮಾತನಾಡುತ್ತಾರೆ, ಹಸಿರು, ಹಳದಿ, ಕೆಂಪು ದೀಪ ಹೊತ್ತಿಸಿ ಸಮಯ ತೋರಿಸುತ್ತಾರೆ, ಆಮೇಲೆ ಸದಸ್ಯರಲ್ಲಿಯೇ ಒಬ್ಬರು ಒಪ್ಪು ತಪ್ಪು ಹೇಳುತ್ತಾರೆ. ‘ಆಂ’ ಎಣಿಸುವವರು ಅಲ್ಲಿಯೂ ಇದ್ದಾರೆ, ಆದರೆ ಮುಂದಿನ ವಾರ ಅವರೂ ಎದ್ದು ನಿಂತು ಎಣಿಸಿಕೊಳ್ಳಬೇಕಾಗುತ್ತದೆ. ಪದ್ಧತಿಯೇನೋ ಸರಿ. ಆದರೆ ನಮ್ಮ ದೃಷ್ಟಿಯಿಂದ ಇದರಲ್ಲಿ ಎರಡು ದೊಡ್ಡ ದೋಷಗಳಿವೆ. ಒಂದು, ಇಲ್ಲಿ ಸಂಪನ್ಮೂಲ ವ್ಯಕ್ತಿಗೆ ಜಾಗವಿಲ್ಲ. ಇನ್ನೊಂದು, ಆ ಕೆಂಪು ದೀಪ. ಅಧ್ಯಕ್ಷರ ಭಾಷಣಕ್ಕೆ ಅದನ್ನು ಹೊತ್ತಿಸುವ ಎದೆಗಾರಿಕೆಯನ್ನು ಯಾವ ಶಿಬಿರ ಕಲಿಸೀತು?

ಶಿಬಿರದಲ್ಲಿ ತರಬೇತಾದವರು ಸಂದರ್ಶನಕ್ಕೆ ಹೋಗುತ್ತಾರೆ. ‘ನಿಮ್ಮ ದೌರ್ಬಲ್ಯವೇನು’ ಎಂದರೆ ‘ಎಲ್ಲವೂ ಪರಿಪೂರ್ಣವಾಗಿರಬೇಕೆಂಬ ಹಟ’ ಎನ್ನುತ್ತಾರೆ. ಅವರ ಹಿಂದೆ ಬಂದವರೂ ಅದನ್ನೇ ಎನ್ನುತ್ತಾರೆ, ಅದೇ ಮುಗುಳ್ನಗೆ, ಅದೇ ಕೈ ಚಲನೆ. ಸಂಜೆಯವರೆಗೆ ಇದನ್ನೇ ಕೇಳಿ ಬಳಲಿದ ಸಂದರ್ಶಕರು, ಇಂದಿನ ಯುವಜನರಿಗೆ ಮನಸ್ಸಿನಲ್ಲಿರುವುದನ್ನು ಹೇಳಲು ಬರುವುದಿಲ್ಲ ಎಂದು ವರದಿ ಬರೆಯುತ್ತಾರೆ. ವರದಿ ಓದಿದವರು ಇನ್ನೊಂದು ಕಾರ್ಯಾಗಾರಕ್ಕೆ ಸಭಾಂಗಣ ಕಾಯ್ದಿರಿಸುತ್ತಾರೆ.

ನಮ್ಮ ಈ ಶಿಬಿರವೂ ವಂದನಾರ್ಪಣೆಯೊಂದಿಗೆ ಮುಗಿಯಿತು. ಯುವಜನರ ಪರವಾಗಿ ಯುವತಿಯೊಬ್ಬಳೇ ವಂದಿಸಬೇಕೆಂದು ಮೊದಲೇ ನಿರ್ಧಾರವಾಗಿತ್ತು. ವಾಚನಾಲಯದವಳನ್ನು ಕೈಬಿಟ್ಟು ಬೇರೊಬ್ಬಳನ್ನು ಆರಿಸಲಾಯಿತು. ಉಪನ್ಯಾಸಕರು ಬರೆದುಕೊಟ್ಟ ಹಾಳೆಯನ್ನು ಅವಳು ತಲೆಯೆತ್ತದೆ, ಒಂದಕ್ಷರವೂ ತಪ್ಪದೆ ಓದಿದಳು. ಭಾಗವಹಿಸಿದವರೆಲ್ಲರಿಗೂ ‘ಪರಿಣಾಮಕಾರಿಯಾಗಿ ಮಾತನಾಡಬಲ್ಲರು’ ಎಂದು ಮುದ್ರಿಸಿದ ಪ್ರಮಾಣಪತ್ರ ಹಂಚಲಾಯಿತು. ಜೊತೆಗೆ ಒಂದು ಅಭಿಪ್ರಾಯ ನಮೂನೆ: ಶಿಬಿರ ಉಪಯುಕ್ತವಾಗಿತ್ತೇ? ಉತ್ತರಕ್ಕೆ ಎರಡು ಚೌಕಗಳಿದ್ದವು, ‘ಬಹಳ’ ಮತ್ತು ‘ಅತ್ಯಂತ’. ಬೇರೆ ಏನಾದರೂ ಬರೆಯುವವರಿಗೆಂದು ಕೆಳಗೆ ಅರ್ಧ ಗೆರೆಯಷ್ಟು ಜಾಗ ಬಿಟ್ಟಿದ್ದರು, ಅದರ ಮೇಲೆ ಪ್ರಾಯೋಜಕರ ಮುದ್ರೆ ಬಿದ್ದಿತ್ತು.