ಕಾರಣ ಹೇಳದ ಪುಸ್ತಕ

ಹೋದ ವರ್ಷ ಯುಗಾದಿಗೆ ಕೋಲಾರಕ್ಕೆ ಬಂದಿದ್ದ ಅಕ್ಕನ ಮಗಳು ಬೆಂಗಳೂರಿಗೆ ಹಿಂದಿರುಗುವಾಗ ಭವಿಷ್ಯ ನೋಡಲು ಬಳಸುವ ಟ್ಯಾರೋ ಎಂಬ ಚಿತ್ರದ ಕಾರ್ಡುಗಳ ಒಂದು ಪೆಟ್ಟಿಗೆಯನ್ನು ನಮ್ಮ ಮನೆಯಲ್ಲಿ ಮರೆತುಹೋದಳು. ಒಟ್ಟು 78 ಎಲೆಗಳು. ಅವುಗಳಲ್ಲಿ 22 ದೊಡ್ಡವೆಂದೂ, ಇಸ್ಪೀಟಿನಂತೆ ನಾಲ್ಕು ಜಾತಿಗಳಾಗಿ ಹಂಚಿಹೋದ 56 ಸಣ್ಣವೆಂದೂ ಲೆಕ್ಕ. ಜೊತೆಗೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಕೈಪಿಡಿಯೂ ಇತ್ತು. ಪ್ರತಿ ಎಲೆಗೂ ಅದರಲ್ಲಿ ಮೂರೋ ನಾಲ್ಕೋ ಪದಗಳ ಅರ್ಥ. ಒಂದು ವಾರ ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಮುಂದಿನ ವಾರ ಅದೆಲ್ಲ ಮರೆತುಹೋಯಿತು. ಭವಿಷ್ಯ ಹೇಳುವುದರಲ್ಲಿ ನನಗೆ ಅಂಥ ನಂಬಿಕೆಯೇನೂ ಇಲ್ಲ. ಆದರೆ ಇಷ್ಟು ಚೆಂದದ ಚಿತ್ರಗಳಿಗೆ ಇಷ್ಟು ಬಡಕಲು ಅರ್ಥವೇ ಎಂಬ ಅಸಮಾಧಾನ ಉಳಿದುಕೊಂಡಿತು.

ಆ ಅಸಮಾಧಾನವೇ ನನ್ನನ್ನು ಹಳೆಯ ಪುಸ್ತಕದ ಬಳಿಗೆ ಕರೆದೊಯ್ದದ್ದು. ಈ ಚಿತ್ರಗಳಿರುವ ಕಟ್ಟು ಲಂಡನ್ನಿನಲ್ಲಿ 1909ರಲ್ಲಿ ಮೊದಲು ಅಚ್ಚಾಯಿತು. ಚಿತ್ರಗಳನ್ನು ಬರೆದವರು ಪಮೇಲಾ ಕೋಲ್ಮನ್ ಸ್ಮಿತ್, ಬರೆಸಿದವರು ಆರ್ಥರ್ ಎಡ್ವರ್ಡ್ ವೇಟ್. ಎಲೆಗಳನ್ನು ವಿವರಿಸಿ ವೇಟ್ ಬರೆದ ಪುಸ್ತಕ 1911ರಲ್ಲಿ ಚಿತ್ರಸಮೇತ ಹೊರಬಂದಿತು. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಅದು ಪುಕ್ಕಟೆಯಾಗಿಯೇ ಸಿಗುತ್ತದೆ. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಸ್ಪೈರಲ್ ಬೈಂಡಿಂಗ್ ಮಾಡಿಸುವಾಗ ಅಲ್ಲಿನ ಹುಡುಗ, ‘ಯಾವ ಎಗ್ಜಾಮಿಗೆ ಸಾರ್ ಇದು?’ ಎಂದು ಕೇಳಿದ. ಮೊದಲ ಇಪ್ಪತ್ತು ಪುಟ ಓದುವಷ್ಟರಲ್ಲಿ ಅವನ ಪ್ರಶ್ನೆ ಸರಿಯಾಗಿಯೇ ಇತ್ತೆನ್ನಿಸಿತು.

ವೇಟ್ ಮಹಾಶಯರ ವಾಕ್ಯಗಳು ಹೊರಟ ಜಾಗವನ್ನು ಮರೆಸಿಯೇ ನಿಲ್ಲುತ್ತವೆ. ನಮ್ಮ ತಂದೆಯವರು ಮುಳಬಾಗಿಲಿನ ಡಿ.ವಿ.ಜಿ.ಯವರ ಕಗ್ಗವನ್ನು ಓದುವಾಗ ಪೆನ್ಸಿಲ್ಲಿನಿಂದ ಪದ ಬಿಡಿಸಿ, ಅಂಚಿನಲ್ಲಿ ಅನ್ವಯ ಬರೆದುಕೊಳ್ಳುತ್ತಿದ್ದರು; ‘ಮೊದಲು ಕ್ರಿಯಾಪದ ಹಿಡಿ, ಆಮೇಲೆ ಕರ್ತೃವನ್ನು ಹುಡುಕು’ ಎನ್ನುವುದು ಅವರ ಪಾಠಕ್ರಮ. ಇಂಗ್ಲಿಷಿಗೂ ಅದನ್ನೇ ಅನ್ವಯಿಸಿ ನೋಡಿದೆ, ದಾರಿ ಕಂಡಿತು. ಕಂಡ ಮೇಲೆ ಆ ಮನುಷ್ಯನ ಸಿಡುಕು ಕೂಡ ರುಚಿಸತೊಡಗಿತು. ಟ್ಯಾರೋ ಪ್ರಾಚೀನ ಈಜಿಪ್ಟಿನ ವಿದ್ಯೆ ಎಂದು 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸರು ಸಾರಿದ್ದರು. ಈಜಿಪ್ಟಿನ ಚಿತ್ರಲಿಪಿಯನ್ನು ಓದುವ ದಾರಿಯನ್ನು ಶಾಂಪೋಲಿಯೋ ಕಂಡುಕೊಂಡದ್ದು 1822ರಲ್ಲಿ! ವೇಟ್ ಆ ಈಜಿಪ್ಟ್ ಕಥೆಯನ್ನು ನಿರ್ದಾಕ್ಷಿಣ್ಯವಾಗಿ ತಳ್ಳಿಹಾಕುತ್ತಾರೆ. ಟ್ಯಾರೋ ಎಲೆಗಳು ಹುಟ್ಟಿದ್ದು 15ನೆಯ ಶತಮಾನದ ಇಟಲಿಯಲ್ಲಿ, ಅದೂ ಆಟವಾಡುವುದಕ್ಕೆ.

ಆದರೆ ಇನ್ನೊಬ್ಬರಿಂದ ಪುರಾವೆ ಕೇಳುವ ಈ ಮನುಷ್ಯ ತಾನು ಮಾತ್ರ ಕಾರಣ ಕೊಡುವುದಿಲ್ಲ. ಹಳೆಯ ಕಟ್ಟುಗಳ ದೊಡ್ಡ ಎಲೆಗಳಲ್ಲಿ ಎಂಟನೆಯದು ನ್ಯಾಯದ ಎಲೆ, ಹನ್ನೊಂದನೆಯದು ಶಕ್ತಿಯ ಎಲೆ. ವೇಟ್ ಅವೆರಡನ್ನು ಅದಲುಬದಲು ಮಾಡಿ, ತನಗೆ ಸಮಾಧಾನವಾದ ಕಾರಣಗಳಿಗಾಗಿ ಹೀಗೆ ಮಾಡಿದ್ದೇನೆ, ಓದುಗರಿಗೆ ಇದರಿಂದ ಆಗಬೇಕಾದದ್ದು ಏನೂ ಇಲ್ಲದ್ದರಿಂದ ವಿವರಣೆ ಬೇಕಿಲ್ಲ ಎಂಬರ್ಥದ ಮಾತು ಬರೆದು ಮುಂದೆ ಹೋಗಿಬಿಡುತ್ತಾರೆ. ನಾನು ಮೂವತ್ತು ವರ್ಷ ಗುಮಾಸ್ತನಾಗಿದ್ದವನು. ಅರ್ಜಿದಾರರಿಗೆ ಇಂಥ ಹಿಂಬರಹಗಳನ್ನು ಎಷ್ಟೋ ಸಲ ಬರೆದುಕೊಟ್ಟಿದ್ದೇನೆ, ಸ್ವತಃ ಪಡೆದದ್ದು ಅದೇ ಮೊದಲು. ಕೋಪದಲ್ಲಿ ಎರಡು ಎಲೆಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಕೂತೆ. ಒಂದರಲ್ಲಿ ಸಿಂಹದ ಬಾಯನ್ನು ಬರಿಗೈಯಿಂದ ಮುಚ್ಚುತ್ತಿರುವ ಹೆಣ್ಣು, ಇನ್ನೊಂದರಲ್ಲಿ ಕತ್ತಿ ಮತ್ತು ತಕ್ಕಡಿ. ತಲೆ ಎತ್ತಿದರೆ ಎದುರಿನ ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು, ಅದರ ಮೂಲೆಯಲ್ಲಿ ರಾಶಿಚಕ್ರ: ಸಿಂಹ, ಕನ್ಯಾ, ತುಲಾ. ಹಳೆಯ ಕ್ರಮದಲ್ಲಿ ತಕ್ಕಡಿ ಮೊದಲು, ಸಿಂಹ ಆಮೇಲೆ. ವೇಟ್ ಕ್ರಮದಲ್ಲಿ ಎಂಟಕ್ಕೆ ಸಿಂಹ, ಹನ್ನೊಂದಕ್ಕೆ ತುಲಾ! ಅವರು ಲಂಡನ್ನಿನಲ್ಲಿ 1888ರಲ್ಲಿ ಶುರುವಾದ ಗೋಲ್ಡನ್ ಡಾನ್ ಎಂಬ ಗುಪ್ತಮಂಡಲಿಗೆ ಸೇರಿದವರೆಂದೂ, ಎಲೆಗಳಿಗೆ ರಾಶಿಗಳನ್ನು ಹೊಂದಿಸುವ ಈ ಲೆಕ್ಕ ಆ ಮಂಡಲಿಯದೆಂದೂ, ಒಳಗಿನದನ್ನು ಹೊರಗೆ ಹೇಳುವುದಿಲ್ಲವೆಂದು ಅಲ್ಲಿ ಪ್ರಮಾಣ ಮಾಡಿಸುತ್ತಿದ್ದರೆಂದೂ ಆಮೇಲೆ ತಿಳಿಯಿತು. ಕೈಪಿಡಿ ನನಗೆ ಉತ್ತರ ಕೊಟ್ಟಿತ್ತು, ಉಳಿಯಲಿಲ್ಲ. ಇದು ಉತ್ತರ ಕೊಡಲಿಲ್ಲ, ಆ ಎರಡು ಎಲೆಗಳು ಇನ್ನು ಈ ಜನ್ಮದಲ್ಲಿ ಮರೆಯುವುದಿಲ್ಲ.

ಹಾಗೆಂದು ಪುಸ್ತಕವೆಲ್ಲ ಬಂಗಾರವೆಂದು ನಾನು ಹೇಳಲಾರೆ. ಕಣಿ ಹೇಳುವ ಮೂರನೆಯ ಭಾಗವನ್ನು ಅವರು ಮನಸ್ಸಿಲ್ಲದ ಮನಸ್ಸಿನಿಂದ ಬರೆದಂತಿದೆ. ಸಣ್ಣ ಎಲೆಗಳಲ್ಲಿ ನಾಣ್ಯಗಳ ಜಾತಿಯ ಎಂಟು ನೇರವಾಗಿ ಬಂದರೆ ಕಸುಬು, ಕುಶಲತೆ; ತಲೆಕೆಳಗಾಗಿ ಬಂದರೆ ಒಣಜಂಬ, ಬಡ್ಡಿವ್ಯವಹಾರ. ಇಲ್ಲಿಂದ ಅಲ್ಲಿಗೆ ಯಾವ ಸೇತುವೆ ಎಂಬುದಕ್ಕೆ ಸುಳಿವಿಲ್ಲ.

ಈ ಸಂಕ್ರಾಂತಿಗೆ ಬಂದ ಅಕ್ಕನ ಮಗಳು ಕೆಲಸ ಬದಲಿಸುವ ಯೋಚನೆಯಲ್ಲಿ ಒಂದು ಎಲೆ ತೆಗೆದಾಗ ಬಂದದ್ದು ಅದೇ ಎಂಟು. ‘ಪರಿಶ್ರಮ ಅಂತ ಅರ್ಥ ಮಾವ’ ಎಂದು ಮುಚ್ಚಿಡಲು ಹೊರಟಳು. ಸ್ವಲ್ಪ ತಡೆಯಮ್ಮ ಎಂದು, ಚಿತ್ರದಲ್ಲಿರುವ ಹುಡುಗ ಕಲ್ಲಿನ ಕುಶಲಕರ್ಮಿ ಎಂದಿರುವ ವೇಟ್ ಅವರ ಸಾಲನ್ನು ತೋರಿಸಿದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವವರನ್ನು ಅವಳು ಚಿಕ್ಕವಳಿದ್ದಾಗಲೇ ಕಂಡವಳು. ಅವರ ರೆಪ್ಪೆಯ ಮೇಲೂ ಕಲ್ಲಿನ ಪುಡಿ ಕೂತಿರುತ್ತದೆ. ಈ ಎಲೆಯ ಹುಡುಗ ಅಚ್ಚುಕಟ್ಟಾದ ಏಪ್ರನ್ ತೊಟ್ಟು, ಉಳಿ ಸುತ್ತಿಗೆ ಹಿಡಿದು ಬೆಂಚಿನ ಮೇಲೆ ಕೂತಿದ್ದಾನೆ; ಅವನು ಕೆತ್ತುತ್ತಿರುವ ಬಿಲ್ಲೆ ಹಳದಿ. ಇದು ಕಲ್ಲೋ, ಲೋಹವೋ ಎಂದು ಕೇಳಿದೆ. ಅವಳು ಎಲೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

‘ಅದಿರಲಿ ಮಾವ, ಊರು ಅಷ್ಟು ದೂರ ಇದೆಯಲ್ಲ, ಇವನೊಬ್ಬನೇ ಊರಾಚೆ ಯಾಕೆ ಕೂತಿದ್ದಾನೆ?’

ಪುಟ ತಿರುವಿದೆ. ಊರಿನ ಬಗ್ಗೆ ವೇಟ್ ಒಂದಕ್ಷರವನ್ನೂ ಬರೆದಿರಲಿಲ್ಲ. ಮಾರನೆಯ ದಿನ ಬೆಳಗ್ಗೆ ಬಸ್ಸಿಗೆ ಹೊರಡುವಾಗ ಅವಳು ಸ್ಪೈರಲ್ ಪುಸ್ತಕವನ್ನು ಚೀಲಕ್ಕೆ ತುರುಕಿಕೊಂಡಳು. ಕೈಪಿಡಿ ಮಾತ್ರ ಇಲ್ಲೇ ಉಳಿಯಿತು.