ಮಂಗಳ ಗ್ರಹದಲ್ಲಿ ಗುಡ್ ಫ್ರೈಡೆ ಯಾವಾಗ?

ನಮ್ಮ ಮನೆಯಲ್ಲಿ ಕತೆಪುಸ್ತಕ ಅಂದ್ರೆ ಎರಡೇ ಜಾತಿ. ಒಂದು, ಸಂತರ ಚರಿತ್ರೆ. ಇನ್ನೊಂದು, ಕಣ್ಣು ಹಾಳು ಮಾಡಿಕೊಳ್ಳೋಕೆ ಓದುವಂಥದ್ದು. ನನಗೆ ಹುಚ್ಚು ಹಿಡಿಸಿದ್ದು ಈ ಎರಡಕ್ಕೂ ಸೇರದ ಸರಕು. ಪಾದ್ರಿಗಳು ರಾಕೆಟ್ ಹತ್ತುತ್ತಾರೆ, ಹಿರಿಯ ದೆವ್ವ ಕಿರಿಯ ದೆವ್ವಕ್ಕೆ ಕಾಗದ ಬರೆದು ಕೆಲಸ ಕಲಿಸುತ್ತದೆ, ಸಿಂಹ ಸತ್ತು ಮತ್ತೆ ಎದ್ದುಬರುತ್ತದೆ. ಇಂಥ ಕತೆಗಳನ್ನು ಓದುವುದೇ ಕಷ್ಟ, ಬರೆಯುವುದಂತೂ ದೇವರಿಗೇ ಪ್ರೀತಿ.

ದೊಡ್ಡಮ್ಮನ ಕೈಗೆ ಮೊದಲು ಸಿಕ್ಕಿಬಿದ್ದದ್ದು ಸಿ. ಎಸ್. ಲೂಯಿಸ್ 1950ರಲ್ಲಿ ಪ್ರಕಟಿಸಿದ ಸಿಂಹದ ಪುಸ್ತಕ. ಹೆಸರಿನಲ್ಲೇ ಸಿಂಹ, ಮಾಟಗಾತಿ, ಬಟ್ಟೆಬೀರು ಮೂರೂ ಇವೆ. ದೊಡ್ಡಮ್ಮನ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ರಟ್ಟಿನ ಮೇಲಿದ್ದ ಮಾಟಗಾತಿ ಮಾತ್ರ ಕರೆಕ್ಟಾಗಿ ಕಣ್ಣಿಗೆ ಬಿದ್ದಳು. ಪುಸ್ತಕ ಎಸೆಯಲಿಲ್ಲ, ದುಡ್ಡು ಕೊಟ್ಟು ತಂದದ್ದಲ್ವಾ. ವೇಲಾಂಕಣಿಯಿಂದ ತಂದ ಬಾಟಲಿ ಕೆಳಗಿಳಿಯಿತು. ಮಾತೆಯ ಆಕಾರದ ಪ್ಲಾಸ್ಟಿಕ್ ಬಾಟಲಿ, ನೀಲಿ ಕಿರೀಟವೇ ಅದರ ಮುಚ್ಚಳ. ಮಂತ್ರಿಸಿದ ತೀರ್ಥವನ್ನು ಎರಡು ಹನಿ ಚಿಮುಕಿಸೋಣ ಅಂತ ಕಿರೀಟ ತಿರುಗಿಸಿದರು. ಅದು ಪೂರ್ತಿ ಕಳಚಿಕೊಂಡು, ಅರ್ಧ ಬಾಟಲಿ ಪುಸ್ತಕದ ಹೊಟ್ಟೆಗೆ ಹೋಯಿತು.

ಬಿಸಿಲಿಗೆ ಹಾಕಿ ಒಣಗಿಸಿದ ಮೇಲೆ ಪುಸ್ತಕ ಎರಡು ಪಟ್ಟು ಊದಿತ್ತು. ಕ್ರಿಸ್ಮಸ್ ತಾತ ಮಕ್ಕಳಿಗೆ ಉಡುಗೊರೆ ಹಂಚುವ ಜಾಗದ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸಲು ಹೋದರೆ ತಾತನ ಅರ್ಧ ಭಾಗ ಆ ಕಡೆ, ಅರ್ಧ ಈ ಕಡೆ. ಮಾಟಗಾತಿ ಇದ್ದ ಪುಟಗಳಿಗೆ ಒಂದು ಹನಿಯೂ ತಾಗಿರಲಿಲ್ಲ.

ಸಮಾಧಾನ ಮಾಡೋಣ ಅಂತ ನಾನು, "ದೊಡ್ಡಮ್ಮ, ಆ ಸಿಂಹ ಅಂದ್ರೆ ಯೇಸುಸ್ವಾಮಿನೇ" ಅಂದೆ. ಅದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು.

"ಯೇಸುಸ್ವಾಮಿಗೆ ಬಾಲ ಇದೆಯೇನೋ?"

ಹಾಗೆ ನೋಡಿದರೆ ಬೈಬಲಿನಲ್ಲೇ ಆತನನ್ನು ಯೂದ ಕುಲದ ಸಿಂಹ ಅಂತ ಕರೆದಿದೆ. ಅದೂ ಎಲ್ಲಿ? ಏಳು ತಲೆ, ಹತ್ತು ಕೊಂಬಿನ ಮೃಗ ಸಮುದ್ರದಿಂದ ಎದ್ದುಬರುವ ಪ್ರಕಟನಾ ಗ್ರಂಥದಲ್ಲಿ. ದೊಡ್ಡಮ್ಮ ಅದನ್ನು ಕಾಫಿ ಕುಡಿಯುತ್ತಾ ಆರಾಮಾಗಿ ಓದುತ್ತಾರೆ. ಇದನ್ನು ಕೇಳಿದರೆ ಅವರ ಹತ್ತಿರ ಉತ್ತರ ರೆಡಿ: "ಅದು ಬೈಬಲ್ಲು, ಇದು ಬೀರು."

ಕೊನೆಗೆ ನನ್ನ ಕೈ ಹಿಡಿದದ್ದು ಒಬ್ಬ ಬಿಷಪ್ಪು. ಇಂಗ್ಲೆಂಡಿನ ಹೆರ್‌ಫರ್ಡಿನ ಫ್ರಾನ್ಸಿಸ್ ಗಾಡ್ವಿನ್. ಚಂದ್ರಲೋಕದ ಪ್ರಯಾಣದ ಮೇಲೆ ಕತೆ ಬರೆದಿಟ್ಟು ತೀರಿಕೊಂಡರು. ಅದು ಅಚ್ಚಾದದ್ದು 1638ರಲ್ಲಿ. ಅದರ ನಾಯಕ ಹಂಸದಂಥ ದೊಡ್ಡ ಹಕ್ಕಿಗಳನ್ನು ಒಂದು ಚೌಕಟ್ಟಿಗೆ ಕಟ್ಟಿ ಹಾರುತ್ತಾನೆ. ಹಕ್ಕಿಗಳು ಸೀದಾ ಚಂದ್ರನಿಗೇ ಕರೆದೊಯ್ಯುತ್ತವೆ. ಅಲ್ಲಿ ಭಾರೀ ಎತ್ತರದ ಜನ. ಇವನು ಗಾಬರಿಯಾಗಿ ಯೇಸುವಿನ ಹೆಸರು ಎತ್ತಿದರೆ ಅವರೆಲ್ಲ ದಬಕ್ಕನೆ ಮೊಣಕಾಲೂರುತ್ತಾರೆ. "ನೋಡು, ಅಲ್ಲೂ ಭಕ್ತಿ ಇದೆ" ಅಂತ ದೊಡ್ಡಮ್ಮ ಖುಷಿಯಾದರು. ಬಿಷಪ್ಪು ಬರೆದದ್ದು ಅಂದಮೇಲೆ ಲೈನ್ ಕ್ಲಿಯರ್. ಅವರು ನಮ್ಮ ಕ್ಯಾಥೊಲಿಕ್ ಅಲ್ಲ, ಆಂಗ್ಲಿಕನ್ ಸಭೆಯ ಬಿಷಪ್ಪು, ಹೆಂಡತಿ ಮಕ್ಕಳೆಲ್ಲ ಇದ್ದರು ಅನ್ನೋದನ್ನು ನಾನು ಬಾಯಿಬಿಡಲಿಲ್ಲ.

ಓದಲು ಪರವಾನಗಿ ಸಿಕ್ಕ ಮೇಲೆ ಬರೆಯುವ ಚಪಲ ಸುಮ್ನೆ ಇರುತ್ತಾ? ಇದಕ್ಕೂ ಲೂಯಿಸ್ಸೇ ಕಾರಣ. ಲೂಯಿಸ್, ಟೋಲ್ಕಿನ್ ಇಬ್ಬರೂ ಆಕ್ಸ್‌ಫರ್ಡಿನ ಮೇಷ್ಟ್ರುಗಳು, ಗೆಳೆಯರು. ನಮಗೆ ಹಿಡಿಸುವಂಥ ಕತೆ ಯಾರೂ ಬರೆಯುತ್ತಿಲ್ಲ, ನಾವೇ ಬರೆಯೋಣ ಅಂತ ಒಪ್ಪಂದ ಮಾಡಿಕೊಂಡರು. ಲೂಯಿಸ್ ಪಾಲಿಗೆ ಬಾಹ್ಯಾಕಾಶ, ಟೋಲ್ಕಿನ್ ಪಾಲಿಗೆ ಕಾಲಪ್ರಯಾಣ. ಲೂಯಿಸ್ 1938ರಲ್ಲಿ ಮಂಗಳ ಗ್ರಹದ ಕಾದಂಬರಿ ಮುಗಿಸಿ ಕೈತೊಳೆದುಕೊಂಡರು. ಟೋಲ್ಕಿನ್ ಅವರದ್ದು ಅರ್ಧಕ್ಕೇ ನಿಂತಿತು. ಅರ್ಧಕ್ಕೆ ನಿಲ್ಲಿಸುವುದರಲ್ಲಿ ನಾನು ಟೋಲ್ಕಿನ್ ಪಂಗಡ.

ಇವರು ಗುಂಪು ಸೇರಿ ಬರೆದದ್ದನ್ನು ಓದುವಾಗ ಹ್ಯೂಗೋ ಡೈಸನ್ ಎಂಬ ಇನ್ನೊಬ್ಬ ಮೇಷ್ಟ್ರು ಸೋಫಾ ಮೇಲೆ ಬಿದ್ದುಕೊಂಡು, 'ಅಯ್ಯೋ, ಮತ್ತೊಂದು ಎಲ್ಫ್ ಬಂತಾ' ಅಂತ ಗೊಣಗುತ್ತಿದ್ದರಂತೆ. ಎಲ್ಫ್ ಅಂದ್ರೆ ಟೋಲ್ಕಿನ್ ಕತೆಗಳಲ್ಲಿ ಬರುವ ಕಿನ್ನರರಂಥ ಜನ. ನಮ್ಮನೆ ಡೈಸನ್ ನನ್ನ ತಮ್ಮ. ದಿವಾನ್ ಮೇಲೆ ಮಲಗಿ, ಮೊಬೈಲಿನಿಂದ ಕಣ್ಣೆತ್ತದೆ, "ಪಾದ್ರಿ ಇನ್ನೂ ಭೂಮಿ ಬಿಟ್ಟಿಲ್ವಾ?" ಅಂತಾನೆ. ಅವನು ಕೇಳೋದರಲ್ಲೂ ನ್ಯಾಯ ಇದೆ. ನನ್ನ ಕತೆಯ ಗುರುಗಳು ಮಂಡ್ಯ ಕಡೆಯವರು. ರಾಕೆಟ್ ಹತ್ತುವ ಮುಂಚೆ ಎಲ್ಲರ ಮನೆಯಲ್ಲೂ ಊಟಕ್ಕೆ ಕೂರುತ್ತಾರೆ.

ಅಂತೂ ಅವರನ್ನು ಮಂಗಳಕ್ಕೆ ಇಳಿಸಿದೆ. ಇಳಿಸಿದ ಮೇಲೆ ಗೊತ್ತಾಯಿತು, ಅಲ್ಲಿ ರಾಕ್ಷಸರ ಕಾಟಕ್ಕಿಂತ ಪಂಚಾಂಗದ ಕಾಟ ಜಾಸ್ತಿ. ಈಸ್ಟರ್ ಯಾವಾಗ ಅಂತ ಲೆಕ್ಕ ಹಾಕುವುದು ಹೇಗೆ? ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಆದಮೇಲಿನ ಭಾನುವಾರ. ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೆ. ಸರಿ, ಮಂಗಳದಲ್ಲಿ ಮಾರ್ಚ್ ಎಲ್ಲಿದೆ? ಅಲ್ಲಿನ ಒಂದು ವರ್ಷಕ್ಕೆ ನಮ್ಮ 687 ದಿನ, ಅವರ ದಿನಗಳಲ್ಲಿ 668.6. ಹೋಗಲಿ, ಹುಣ್ಣಿಮೆ? ಅಲ್ಲಿ ಎರಡು ಚಂದ್ರ. ಅದರಲ್ಲಿ ಫೋಬೋಸ್ ಅನ್ನುವುದು 7 ಗಂಟೆ 39 ನಿಮಿಷಕ್ಕೆ ಒಂದು ಸುತ್ತು ಹೊಡೆದು, ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತದೆ. ಲೆಕ್ಕದ ಪ್ರಕಾರ ದಿನಕ್ಕೆ ಮೂರು ಹುಣ್ಣಿಮೆ. ಬೆಳಗಿನ ತಿಂಡಿ ಹುಣ್ಣಿಮೆಯಾ, ಮಧ್ಯಾಹ್ನದ್ದಾ, ರಾತ್ರಿದಾ? ನನ್ನ ಗುರುಗಳು ಮಂಗಳದಲ್ಲಿ ಇಳಿದ ಜಾಗದಲ್ಲೇ ಕೂತು ಕೈಬೆರಳು ಎಣಿಸತೊಡಗಿದರು. ಕತೆ ಅಲ್ಲೇ ನಿಂತಿತು.

ಊರಿನ ಫಾದರ್ ಹತ್ತಿರ ಹೋದೆ. ಪಾಪ, ತಾಳ್ಮೆಯಿಂದ ಕೇಳಿದರು. ಮಂಗಳದ ದಿನ ನಮ್ಮದಕ್ಕಿಂತ ಸುಮಾರು 39 ನಿಮಿಷ 35 ಸೆಕೆಂಡ್ ಉದ್ದ ಅಂದಾಗ ಅವರ ಮುಖ ಅರಳಿತು.

"ಗೊತ್ತಾಯ್ತು ಬಿಡು. ನಮ್ಮ ಜನ ಭಾನುವಾರದ ಪೂಜೆಗೆ ಯಾವ ಟೈಮ್ ಇಟ್ಕೊಂಡಿದ್ದಾರೆ ಅಂತ ಈಗ ಗೊತ್ತಾಯ್ತು."

ಇಂಥ ಪ್ರಶ್ನೆ ನನ್ನೊಬ್ಬನ ತಲೆಹರಟೆ ಅಂತ ತಿಳೀಬೇಡಿ. ಬೇರೆ ಗ್ರಹದವನಿಗೆ ಜ್ಞಾನಸ್ನಾನ ಕೊಡುತ್ತೀರಾ ಅಂತ ವ್ಯಾಟಿಕನ್ ವೀಕ್ಷಣಾಲಯದ ಜೆಸ್ವಿತ ಸಭೆಯ ಸನ್ಯಾಸಿಗಳಿಬ್ಬರು 2014ರಲ್ಲಿ ಅದನ್ನೇ ಹೆಸರಾಗಿಟ್ಟು ಪುಸ್ತಕ ಬರೆದಿದ್ದಾರೆ. ಬೇರೆ ಲೋಕದಲ್ಲಿ ಪೂಜೆಯ ದ್ರಾಕ್ಷಾರಸ ಅಂದರೂ ಕಟ್ಟುಕತೆಯಲ್ಲ. 1969ರಲ್ಲಿ ಬಝ್ ಆಲ್ಡ್ರಿನ್ ಚಂದ್ರನ ಮೇಲೆ ಇಳಿದ ನೌಕೆಯೊಳಗೇ ಕೂತು ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಿದರು. ಅಲ್ಲಿನ ಸೆಳೆತ ಇಲ್ಲಿನ ಆರರಲ್ಲಿ ಒಂದು ಪಾಲು, ಹಾಗಾಗಿ ರಸ ಬಟ್ಟಲಿನ ಅಂಚಿಗೆ ನಿಧಾನವಾಗಿ ಸುರುಳಿಯಾಗಿ ಏರಿತಂತೆ. ಅದನ್ನು ರೇಡಿಯೋದಲ್ಲಿ ಸಾರಲಿಲ್ಲ. ಅದರ ಹಿಂದಿನ ವರ್ಷ ಅಪೋಲೋ 8 ನೌಕೆಯವರು ಕ್ರಿಸ್ಮಸ್ ಹಿಂದಿನ ರಾತ್ರಿ ಪ್ರಸಾರದಲ್ಲಿ ಬೈಬಲಿನ ಆದಿಕಾಂಡ ಓದಿದ್ದಕ್ಕೆ ನಾಸಾ ಮೇಲೆ ಕೇಸ್ ಬಿದ್ದಿತ್ತು. ನಮ್ಮ ದೊಡ್ಡಮ್ಮನಂಥವರು ಎಲ್ಲ ಕಡೆಯೂ ಇರುತ್ತಾರೆ. ಕೆಲವರು ಆಸ್ತಿಕರು, ಕೆಲವರು ನಾಸ್ತಿಕರು, ಅಷ್ಟೇ ವ್ಯತ್ಯಾಸ.

ಫಾದರ್ ಉತ್ಸಾಹದಿಂದ, ಹಬ್ಬದ ಸ್ಮರಣ ಸಂಚಿಕೆಗೆ ಕತೆ ಕೊಡು ಅಂದರು. ಈಸ್ಟರ್ ಭಾಗ ಬಿಟ್ಟು, ಮಂಗಳದವನೊಬ್ಬ ಗುರುಗಳ ಹತ್ತಿರ ಪಾಪನಿವೇದನೆ ಮಾಡುವ ಭಾಗ ಕಳಿಸಿದೆ. ಆ ಭಾಗ ಓದಿದವರು ಅಳಬೇಕು, ಹಾಗೆ ಬರೆದಿದ್ದೆ. ಅದನ್ನು ನುಡಿ ಅನ್ನೋ ಕನ್ನಡ ಫಾಂಟಿನಲ್ಲಿ ಟೈಪ್ ಮಾಡಿದ್ದೆ, ಉಳಿದದ್ದು ಯೂನಿಕೋಡ್. ಡಿಟಿಪಿ ಹುಡುಗನ ಕಂಪ್ಯೂಟರಿನಲ್ಲಿ ಆ ಫಾಂಟ್ ಇರಲಿಲ್ಲ. ನಿವೇದನೆಯೆಲ್ಲ ಟೊಪ್ಪಿ ಹಾಕಿದ ಇಂಗ್ಲಿಷ್ ಎ, ತಲೆಮೇಲೆ ಚುಕ್ಕಿ ಇಟ್ಟ ಯು, ಮಧ್ಯೆ ಮಧ್ಯೆ ಅರ್ಧ, ಕಾಲು ಭಿನ್ನರಾಶಿಗಳಾಗಿ ಬದಲಾಗಿತ್ತು. ಹುಡುಗ ಜಾಣ. ಮಾತಾಡುತ್ತಿರುವುದು ಮಂಗಳದವನು, ಇದು ಅವನ ಭಾಷೆ ಅಂತ ಅರ್ಥ ಮಾಡಿಕೊಂಡು, ದಪ್ಪ ಅಕ್ಷರದಲ್ಲಿ ಹಾಗೇ ಅಚ್ಚಿಗೆ ಬಿಟ್ಟ. ಟೋಲ್ಕಿನ್ ಜೀವಮಾನವಿಡೀ ಕೂತು ಭಾಷೆ ಕಟ್ಟಿದರು. ಇವನು ಚಹಾ ತಣ್ಣಗಾಗುವಷ್ಟರಲ್ಲಿ ಕಟ್ಟಿದ.

ಹಬ್ಬದ ದಿನ ಫಾದರ್ ಬೆನ್ನು ತಟ್ಟಿದರು. "ಪಾಪನಿವೇದನೆಯ ಗುಟ್ಟು ಎಷ್ಟು ಚೆನ್ನಾಗಿ ಕಾಪಾಡಿದ್ದೀಯ! ಗುರು ಮತ್ತು ದೇವರಿಗೆ ಬಿಟ್ಟರೆ ಇನ್ನೊಬ್ಬರಿಗೆ ಅರ್ಥವಾಗಬಾರದು, ಅಲ್ವಾ?" ದೊಡ್ಡಮ್ಮ ಮಾತ್ರ ಆ ಪುಟಕ್ಕೆ ಬೆರಳಿಟ್ಟು, ಈ ಮಂತ್ರವನ್ನು ಯಾವ ಮಾಟಗಾತಿ ಹೇಳಿಕೊಟ್ಟಳು ಅಂತ ಕೇಳಿದರು. ಬಾಟಲಿ ಮೇಲಿಡುವಂತೆ ಅಮ್ಮನಿಗೆ ಕಣ್ಸನ್ನೆ ಮಾಡಿದೆ.

ಇನ್ನು ಈಸ್ಟರ್ ಲೆಕ್ಕ. ಅದನ್ನು ಒಂದು ಹಾಳೆಯಲ್ಲಿ ಬಿಡಿಸಿಟ್ಟಿದ್ದೆ. ಹುಡುಕಿದರೆ ಹಾಳೆಯೇ ಇಲ್ಲ. ಅಮ್ಮ ಅದರ ಹಿಂದೆ ಹುರುಳಿಕಾಳು, ಕಡ್ಲೆಬೇಳೆ, ಬಟ್ಟೆಸೋಪು ಅಂತ ಬರೆದು ಅಂಗಡಿಗೆ ಕಳಿಸಿದ್ದರು. ನನಗೆ ಕೂಡಲೇ ವಾಲ್ಟರ್ ಮಿಲ್ಲರ್ ನೆನಪಾದರು. ಅವರ ಕಾದಂಬರಿಯಲ್ಲಿ ಅಣುಯುದ್ಧ ಮುಗಿದು ನೂರಾರು ವರ್ಷವಾದ ಮೇಲೆ ಮರುಭೂಮಿಯ ಸನ್ಯಾಸಿಗಳಿಗೆ ಒಂದು ಹಳೇ ದಿನಸಿ ಚೀಟಿ ಸಿಗುತ್ತದೆ. ಅದನ್ನು ಅವರು ಸಂತರ ಅವಶೇಷದ ಹಾಗೆ ಕಾಪಾಡುತ್ತಾರೆ.

ನಮ್ಮ ಶೆಟ್ಟರ ಅಂಗಡಿಯಲ್ಲೂ ಚೀಟಿಗೆ ಅಷ್ಟೇ ಮರ್ಯಾದೆ. ಬಾಕಿ ತೀರುವವರೆಗೆ ತಂತಿಗೆ ಚುಚ್ಚಿಟ್ಟಿರುತ್ತಾರೆ. ಹೋಗಿ ಕೇಳಿದೆ. ತಂತಿಯಿಂದ ಬಿಡಿಸಿ ಕೊಟ್ಟರು. 39 ನಿಮಿಷದ ಮೇಲೆ ತೂತು ಬಿದ್ದಿತ್ತು, ಉಳಿದದ್ದೆಲ್ಲ ಸರಿಯಿತ್ತು. ಜೊತೆಗೆ ಖಾತೆ ಪುಸ್ತಕವನ್ನೂ ನನ್ನ ಕಡೆ ತಿರುಗಿಸಿದರು. ಹಿಂಬದಿಯ ಸಂಖ್ಯೆಯನ್ನು ಹಳೇ ಬಾಕಿ ಅಂತ ಸೇರಿಸಿಬಿಟ್ಟಿದ್ದರು.

"ಶೆಟ್ರೇ, ಅದು ಮಂಗಳ ಗ್ರಹದ ವರ್ಷ. 668.6 ದಿನ."

"ಗೊತ್ತು ಸ್ವಾಮಿ, ನೋಡಿದೆ" ಅಂದರು ಶೆಟ್ಟರು. "ಅರವತ್ತು ಪೈಸೆ ಈಗ ಎಲ್ಲಿ ಸಿಗುತ್ತೆ? 669 ಮಾಡಿದ್ದೀನಿ."