ಬಾವನ ಬ್ಯಾಗ್‌ಪೈಪೂ ನಮ್ಮ ದುಡಿಯೂ

ಕಿವಿ ಇನ್ನೂ ಗುಂಯ್ ಅಂತಿದೆ. ಮೊನ್ನೆ ಗೋಣಿಕೊಪ್ಪದ ಮದುವೆಯಲ್ಲಿ ನಾವು ದುಡಿ ಅನ್ನೋ ಪುಟ್ಟ ವಾದ್ಯ ಬಾರಿಸಿ ಕೊಡವರ ಬಾಳೊಪಾಟ್ ಹಾಡು ಹಾಡೋಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರೆ, ಬಾವ ಬ್ಯಾಗ್‌ಪೈಪ್, ಅದೇ ಚೀಲಕ್ಕೆ ಗಾಳಿ ತುಂಬಿ ನುಡಿಸೋ ವಾದ್ಯ, ಹೊತ್ತುಕೊಂಡು ಬಂದು ಪಕ್ಕದಲ್ಲೇ ಅಟೆನ್ಷನ್‌ನಲ್ಲಿ ನಿಂತರು.

ಕೊಡಗಿನಲ್ಲಿ ಮಿಲಿಟರಿಯಿಂದ ರಿಟೈರ್ ಆಗಿ ಬಂದವರು ಕಾಫಿ, ಮೆಣಸು, ಕ್ಯಾಂಟೀನ್ ಕೋಟಾ ಅಂತ ತಮ್ಮ ಪಾಡಿಗೆ ಇರ್ತಾರೆ, ಅಲ್ವಾ? ನಮ್ಮ ಬಾವ ಪೈಪ್ ಬ್ಯಾಂಡಿನಲ್ಲಿದ್ದವರು. ಮೀರತ್‌ನಿಂದ ದೊಡ್ಡದನ್ನೇ ತರಿಸಿದರು. ಸ್ಕಾಟ್ಲೆಂಡಿನದೇ ಸ್ಮಾಲ್‌ಪೈಪ್ ಅಂತ ಇನ್ನೊಂದಿದೆ, ಕಂಕುಳಲ್ಲಿ ತಿದಿ ಒತ್ತಿ ನುಡಿಸೋದು, ದನಿ ಮೆತ್ತಗೆ, ಪಿಟೀಲಿನ ಜೊತೆಗೂ ಹೊಂದುತ್ತೆ, ಅದನ್ನು ತಗೊಳ್ಳಿ ಅಂತ ಬೇಡಿಕೊಂಡಿದ್ದೆ. "ಮನೆಯೊಳಗೆ ಕೂತು ಊದೋಕೆ ನಾನೇನು ಬಾಣಂತಿಯಾ?" ಅಂದರು.

ದೊಡ್ಡದನ್ನು ಮೆಲ್ಲಗೆ ಊದಿ ಅನ್ನೋ ಹಾಗೇ ಇಲ್ಲ. ಚೀಲದ ಒತ್ತಡ ಇಳಿದರೆ ಸ್ವರ ಕೆಡುತ್ತೆ. ಇರೋದು ಒಂಬತ್ತು ಸ್ವರ, ಶ್ರುತಿ ಒಂದೇ. ಅದು ನಮ್ಮ ಕಡೆ ಬರಲ್ಲ, ನಾವೇ ಗಂಟಲು ಹರಿದುಕೊಂಡು ಅದರ ಹತ್ತಿರ ಹೋಗಬೇಕು.

ಅದಕ್ಕಿಂತ ಜಾಸ್ತಿ ಸಿಟ್ಟು ಬರೋದು ಶ್ರುತಿ ಮಾಡೋವಾಗ. ಬಾವ ಕೆನ್ನೆ ಉಬ್ಬಿಸುತ್ತಾರೆ, ಚೀಲಕ್ಕೆ ಒಂದೇಟು ಬೀಳುತ್ತೆ, ಕರು ಕಳಕೊಂಡ ಎಮ್ಮೆಯ ಹಾಗೆ ಅದು ಅರಚುತ್ತೆ. ಒಂದೇ ಸಮ ಶ್ರುತಿ ಹಿಡಿಯೋ, ಹೆಗಲ ಮೇಲಿನ ಮೂರು ಕೊಳವೆಯಲ್ಲಿ ಒಂದನ್ನು ಕೂದಲೆಳೆಯಷ್ಟು ಮೇಲೆ ಜಾರಿಸುತ್ತಾರೆ. ಕಣ್ಣು ಮುಚ್ಚಿ ಕೇಳುತ್ತಾರೆ. ತಲೆ ಅಲ್ಲಾಡಿಸಿ ಮತ್ತೆ ಕೆಳಗೆ ಇಳಿಸುತ್ತಾರೆ. ಬೆರಳೆತ್ತಿ "ಒಂದೇ ನಿಮಿಷ" ಅಂತ ಸನ್ನೆ. ಆಮೇಲೆ ಎರಡನೆಯದು. ಅಷ್ಟರಲ್ಲಿ ಮೊದಲನೆಯದು ಕೆಟ್ಟಿರುತ್ತೆ, ನಮ್ಮ ಥಂಡಿ ಹವೆ ಕೊಳವೆಯೊಳಗೆ ಅದುರಿ ಸ್ವರ ಕೊಡೋ ರೀಡಿಗೆ ಆಗಲ್ವಂತೆ. ನಾವು ಕೋಲು ಎತ್ತಿದ ಕೈ ಎತ್ತಿದ ಹಾಗೇ ಹಿಡಿದು ನಿಂತಿರುತ್ತೇವೆ. ಮೊನ್ನೆ ಮೂರೂ ಒಂದಾಗೋ ಹೊತ್ತಿಗೆ ಒಳಗೆ ಪಂದಿಕರಿ ಬಡಿಸೋಕೆ ಶುರುಮಾಡಿದ್ದರು. ಜನರೆಲ್ಲ ಎದ್ದು ಹೋದರು.

ಬೈಯೋಣ ಅಂದರೆ ಬಾಯಿ ಬರಲ್ಲ. ಹಾಡೋ ಹುಡುಗರೆಲ್ಲ ಬೆಂಗಳೂರು ಸೇರಿದ್ದಾರೆ, ಫೋನ್ ಮಾಡಿದರೆ "ನೋಡ್ತೀನಿ ಅಣ್ಣ" ಅನ್ನುತ್ತಾರೆ. ಐನ್‌ಮನೆಯಲ್ಲಿ, ಅಂದರೆ ನಮ್ಮ ಕುಟುಂಬದ ಮೂಲಮನೆಯಲ್ಲಿ, ಪ್ರಾಕ್ಟೀಸ್ ಅಂದರೆ ಕರೆಯದೆ, ಎಲ್ಲರಿಗಿಂತ ಮೊದಲು ಬಂದು ಕೂರೋದು ಬಾವ ಒಬ್ಬರೇ. ಅದೂ ಇಸ್ತ್ರಿ ಮಾಡಿದ ಶರ್ಟಿನಲ್ಲಿ.

ನಮ್ಮ ಸುಗ್ಗಿ ಹಬ್ಬ ಪುತ್ತರಿಗೆ ಒಂದು ಉಪಾಯ ಮಾಡಿದ್ದೇವೆ. ಗದ್ದೆಯಲ್ಲಿ ಎಷ್ಟು ಬೇಕಾದರೂ ಊದಲಿ, ಮನೆಗೆ ಬಂದ ಮೇಲೆ ಬರೀ ದುಡಿ. ಬಾವ ಒಪ್ಪಿದ್ದಾರೆ, ಹೊಸ ರೀಡನ್ನೂ ತರಿಸಿದ್ದಾರೆ. ಕೋವಿ ಹಾರಿಸಿದ ಮೇಲೇ ಕದಿರು ಕೊಯ್ಯೋದು, ಆ ಸದ್ದೇ ಕೇಳಿಸದಿದ್ದರೆ ಕೊಯ್ಯೋದು ಯಾವಾಗ ಅಂತ ಚಿಕ್ಕಪ್ಪ ಈಗಲೇ ರೇಗುತ್ತಿದ್ದಾರೆ.